ಕಾರ್ಖಾನೆಯ ಪಕ್ಕದ ಪ್ಲಾಟು
(ಸಂಘದ ವಾರ್ಷಿಕ ಸಭೆಯಲ್ಲಿ ಸದಸ್ಯರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹರೂಪ)



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಕಡೆಯಿಂದ ಇಲ್ಲಿ ಬಂದು ಕುಳಿತಿದ್ದೀರಿ. ನಿಮ್ಮಲ್ಲಿ ಅನೇಕರ ಮನೆಯಿಂದ ಒಬ್ಬರಾದರೂ ಗೋವಾ, ಪುಣೆ, ಮುಂಬಯಿ ಅಥವಾ ಬೆಂಗಳೂರಿಗೆ ದುಡಿಯಲು ಹೋಗಿದ್ದಾರೆ. ಹತ್ತು ಹನ್ನೆರಡು ವರ್ಷ ದುಡಿದು ಉಳಿಸಿದ ಹಣ ಊರಿಗೆ ಬರುವಾಗ ಯಾವ ರೂಪದಲ್ಲಿ ಬರುತ್ತದೆ? ಹೆಚ್ಚಾಗಿ ಒಂದು ಪ್ಲಾಟಿನ ರೂಪದಲ್ಲಿ. ಅದರಲ್ಲಿಯೂ "ಇಲ್ಲಿ ಕಾರ್ಖಾನೆ ಬಂತು, ನಾಳೆ ರೇಟು ಎರಡು ಪಟ್ಟು ಆಗುತ್ತದೆ" ಎಂದು ಯಾರಾದರೂ ಹೇಳಿದ ಜಾಗದ ಪ್ಲಾಟು. ಕಾರ್ಖಾನೆಯ ಪಕ್ಕದಲ್ಲಿ ವಾಸ ಮಾಡುವುದು ಒಂದು ವಿಷಯ, ಅಲ್ಲಿ ಹಣ ಹಾಕುವುದು ಇನ್ನೊಂದು ವಿಷಯ. ಇವೆರಡನ್ನೂ ನಾವು ಒಂದೇ ಎಂದು ತಿಳಿದಿದ್ದೇವೆ. ಆದ್ದರಿಂದಲೇ ಇಂದು ಈ ಮಾತು ಎತ್ತಿಕೊಂಡಿದ್ದೇನೆ.

ನಮ್ಮ ಕಣ್ಣ ಮುಂದಿನ ಉದಾಹರಣೆ ಕೂಡಗಿ. ಅಖಂಡ ಬಸವನ ಬಾಗೇವಾಡಿ ತಾಲೂಕಿನ ಈ ಊರಿನ ಹತ್ತಿರ ಎನ್‌ಟಿಪಿಸಿಯವರು ತಲಾ 800 ಮೆಗಾವ್ಯಾಟಿನ ಮೂರು ಘಟಕಗಳನ್ನು, ಅಂದರೆ ಒಟ್ಟು 2400 ಮೆಗಾವ್ಯಾಟಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರವನ್ನು ಕಟ್ಟಿದರು. ನೀರು ಆಲಮಟ್ಟಿ ಜಲಾಶಯದ್ದು, ಕಲ್ಲಿದ್ದಲು ಹೊರ ರಾಜ್ಯಗಳಿಂದ ರೈಲಿನಲ್ಲಿ ಬರುವಂಥದ್ದು. ಫಲವತ್ತಾದ ಭೂಮಿ ಹೋಯಿತೆಂದು, ಬೂದಿಯ ಭಯವಿದೆಯೆಂದು ಸುತ್ತಲಿನ ರೈತರು ಹೋರಾಟ ಮಾಡಿದರು. 2014ರ ಜುಲೈನಲ್ಲಿ ಅಲ್ಲಿ ಪೊಲೀಸ್ ಗೋಲಿಬಾರೂ ಆಯಿತು. ಕೊನೆಗೆ ಮೊದಲನೆಯ ಘಟಕ 2017ರಲ್ಲಿ, ಮೂರನೆಯದು 2018ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು.

ಇಂಥ ಸ್ಥಾವರಕ್ಕೆ ಎರಡು ಆಯುಷ್ಯಗಳಿರುತ್ತವೆ. ಒಂದು ಕಟ್ಟುವ ಕಾಲ, ಇನ್ನೊಂದು ನಡೆಸುವ ಕಾಲ. ಕಟ್ಟುವ ನಾಲ್ಕೈದು ವರ್ಷ ಸಾವಿರಾರು ಕೂಲಿಕಾರರು, ವೆಲ್ಡರುಗಳು, ಕ್ರೇನ್ ನಡೆಸುವವರು, ಗುತ್ತಿಗೆದಾರರ ಮೇಸ್ತ್ರಿಗಳು ದೇಶದ ಮೂಲೆಮೂಲೆಯಿಂದ ಬರುತ್ತಾರೆ. ಹಳ್ಳಿಯಲ್ಲಿ ದನದ ಕೊಟ್ಟಿಗೆಗೂ ಬಾಡಿಗೆ ಹುಟ್ಟುತ್ತದೆ. ಖಾನಾವಳಿ, ಮೊಬೈಲ್ ಅಂಗಡಿ, ಕ್ರೂಸರ್ ಗಾಡಿ ಎಲ್ಲಕ್ಕೂ ಗಿರಾಕಿ. ಸ್ಥಾವರ ಚಾಲೂ ಆದ ದಿನದಿಂದ ಈ ಜನ ಗಂಟುಮೂಟೆ ಕಟ್ಟಿ ಮುಂದಿನ ಸ್ಥಾವರಕ್ಕೆ ಹೋಗುತ್ತಾರೆ. ನಡೆಸುವ ಕಾಲಕ್ಕೆ ಬೇಕಾಗುವವರ ಸಂಖ್ಯೆ ಅದರ ಒಂದು ಚಿಕ್ಕ ಪಾಲು ಮಾತ್ರ. ಅವರಲ್ಲಿಯೂ ಕಾಯಂ ನೌಕರರಿಗೆ ಕಂಪನಿಯೇ ಟೌನ್‌ಶಿಪ್ ಕಟ್ಟಿ ಕ್ವಾರ್ಟರ್ಸ್ ಕೊಡುತ್ತದೆ. ಅವರು ನಿಮ್ಮ ಮನೆಗೆ ಬಾಡಿಗೆಗೆ ಏಕೆ ಬಂದಾರು?

ಒಂದು ಲೆಕ್ಕ ಮಾಡಿ ನೋಡಿ. ಇದು ಕಾಲ್ಪನಿಕ ಲೆಕ್ಕ, ತಿಳಿಯಲೆಂದು ಹೇಳುತ್ತೇನೆ. ಒಬ್ಬನು ಎಂಟು ಲಕ್ಷ ಹಾಕಿ ನಾಲ್ಕು ಖೋಲಿ ಕಟ್ಟಿಸಿದ. ಖೋಲಿಗೆ 2,500ರಂತೆ ತಿಂಗಳಿಗೆ ಹತ್ತು ಸಾವಿರ ಬಂತು. ನಾಲ್ಕು ವರ್ಷಕ್ಕೆ 4,80,000 ಕೈಸೇರಿತು. ಅವನು ಸಂತೋಷದಲ್ಲಿದ್ದಾನೆ. ಐದನೆಯ ವರ್ಷ ಕಾಮಗಾರಿ ಮುಗಿಯಿತು. ಎರಡು ಖೋಲಿ ಖಾಲಿ, ಉಳಿದೆರಡಕ್ಕೆ ಒಂದೂವರೆ ಸಾವಿರ. ಬಾಕಿ 3,20,000 ಹುಟ್ಟಲು ಇನ್ನೂ ಸುಮಾರು ಒಂಬತ್ತು ವರ್ಷ ಬೇಕು. ಅಷ್ಟರಲ್ಲಿ ಸುಣ್ಣಬಣ್ಣ, ಮೋಟಾರು, ಪಂಚಾಯತಿ ಕರ ಬೇರೆ. ಮೊದಲನೆಯ ವರ್ಷವೇ ಕಟ್ಟಿದವನು ಹೇಗೋ ಪಾರಾಗುತ್ತಾನೆ. ಅವನನ್ನು ನೋಡಿ ಮೂರನೆಯ ವರ್ಷ ಸಾಲ ತೆಗೆದು ಕಟ್ಟಿದವನು ಸಿಕ್ಕಿಬೀಳುತ್ತಾನೆ. ಗೋವಾದಲ್ಲಿರುವ ನಮ್ಮ ಹುಡುಗನಿಗೆ ಸುದ್ದಿ ಮುಟ್ಟುವುದು ಯಾವಾಗಲೂ ಮೂರನೆಯ ವರ್ಷ!

ಸಕ್ಕರೆ ಕಾರ್ಖಾನೆಗಳ ಮಾತು ಬೇರೆ. ಇಂಡಿ ಕಡೆ ಮರಗೂರು, ಸಿಂದಗಿ ಕಡೆ ಆಲಮೇಲ, ಮುದ್ದೇಬಿಹಾಳ ಕಡೆ ಯರಗಲ್, ಇಲ್ಲೆಲ್ಲ ಕಬ್ಬು ನುರಿಸುವುದು ಚಳಿಗಾಲದ ನಾಲ್ಕೈದು ತಿಂಗಳು. ಕಬ್ಬು ಕಡಿಯುವವರು ಹೊಲದ ಬದುವಿನಲ್ಲಿ ಗುಡಿಸಲು ಹಾಕುತ್ತಾರೆ. ಅಲ್ಲಿ ಬಾಡಿಗೆ ಮನೆಗಿಂತ ಟ್ರ್ಯಾಕ್ಟರ್ ರಿಪೇರಿ, ಟೈರು, ಕಿರಾಣಿ ಇವೇ ವರ್ಷವಿಡೀ ನಡೆಯುವ ದಂಧೆ.

ಇದು ನಮ್ಮ ಜಿಲ್ಲೆಯ ಮಾತ್ರದ ಕಥೆಯಲ್ಲ. ಸಿಂಗಾಪುರದಿಂದ ಸುಮಾರು 20 ಕಿಲೋಮೀಟರ್ ಸಮುದ್ರ ದಾಟಿದರೆ ಇಂಡೋನೇಷ್ಯಾದ ಬಾತಾಮ್ ಎಂಬ ದ್ವೀಪವಿದೆ. 1970ರ ದಶಕದಲ್ಲಿ ಅಲ್ಲಿದ್ದವರು ಕೆಲವೇ ಸಾವಿರ ಜನ, ಹೆಚ್ಚಾಗಿ ಮೀನುಗಾರರು. ಸರಕಾರ ಅದನ್ನು ಕೈಗಾರಿಕಾ ದ್ವೀಪವೆಂದು ಘೋಷಿಸಿತು. ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು, ಹಡಗು ಕಟ್ಟುವ ಅಂಗಳಗಳು ಬಂದವು. ಮುಕಾ ಕುನಿಂಗ್ ಎಂಬಲ್ಲಿ ಕಾರ್ಖಾನೆಗಳ ಜೊತೆಗೇ ಕೆಲಸಗಾರ್ತಿಯರಿಗೆ ಸಾಲು ಸಾಲು ವಸತಿಗೃಹ ಕಟ್ಟಿದರು. ಇಂದು ದ್ವೀಪದ ಜನಸಂಖ್ಯೆ ಹತ್ತು ಲಕ್ಷ ದಾಟಿದೆ. ಹೊರಗಿನವರೂ ಅಲ್ಲಿ ಮನೆ ಕೊಳ್ಳಲು ಆಸೆಪಡುತ್ತಾರೆ. ಆದರೆ ಅಲ್ಲಿ ಮನೆ ಕೊಂಡವನಿಗೆ ನೆಲ ಸಿಗುವುದಿಲ್ಲ. ನೆಲ ಸರಕಾರಿ ಪ್ರಾಧಿಕಾರದ್ದು. 30 ವರ್ಷದ ಗುತ್ತಿಗೆ, ಆಮೇಲೆ ಹಣ ಕಟ್ಟಿ 20 ವರ್ಷ ವಿಸ್ತರಣೆ. ವಿದೇಶೀಯನಿಗಂತೂ ಸೀಮಿತ ಉಪಯೋಗದ ಹಕ್ಕು ಮಾತ್ರ. 2014ರ ನಂತರ ಕಚ್ಚಾ ತೈಲದ ಬೆಲೆ ಬಿದ್ದಾಗ ಅಲ್ಲಿಯ ಹಡಗು ಅಂಗಳಗಳಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಕಾರ್ಖಾನೆ ಕೆಮ್ಮಿದರೆ ಅದನ್ನೇ ನಂಬಿದ ಊರಿಗೆ ಜ್ವರ ಬರುತ್ತದೆ. ಅಲ್ಲಿಯೂ ಅಷ್ಟೆ, ಇಲ್ಲಿಯೂ ಅಷ್ಟೆ.

ಹಾಗಾದರೆ ನೆಲ ಯಾರದು ಎಂಬ ಪ್ರಶ್ನೆ ನಮ್ಮಲ್ಲಿ ಹೇಗೆ ಕೇಳಬೇಕು? ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ವಿದ್ಯಾರ್ಥಿಗಳು ಬರೆದುಕೊಂಡರೂ ಸರಿ.

ರಸ್ತೆ ಬದಿಯ ಹೊಲದಲ್ಲಿ ಕಲ್ಲು ನೆಟ್ಟು, ಸುಣ್ಣದ ಗೆರೆ ಎಳೆದು "ಲೇಔಟ್" ಎಂದು ಫಲಕ ಹಾಕಿರುತ್ತಾರೆ. ಮೊದಲು ಕೇಳಬೇಕಾದದ್ದು "ಎನ್.ಎ. ಆಗೇದೇನು?" ಎಂದು. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 95ನೆಯ ಕಲಮಿನ ಪ್ರಕಾರ ಕೃಷಿ ಭೂಮಿಯನ್ನು ವಸತಿಗೆ ಬಳಸಲು ಭೂಪರಿವರ್ತನೆ ಬೇಕು. "ಅರ್ಜಿ ಹಾಕಿದ್ದೇವೆ" ಎಂಬುದು ಉತ್ತರವಲ್ಲ. ಎರಡನೆಯದು ಉತಾರ. ಇದರ 9ನೆಯ ಕಾಲಮಿನಲ್ಲಿ ಮಾಲೀಕರ ಹೆಸರು, 11ನೆಯ ಕಾಲಮಿನಲ್ಲಿ ಇತರ ಹಕ್ಕು ಮತ್ತು ಋಣಗಳು, ಅಂದರೆ ನಮ್ಮ ಕಡೆ ಬೋಜಾ ಎನ್ನುತ್ತೇವಲ್ಲ, ಅದು. ಜನ 9ನ್ನು ಓದಿ ಕಾಗದ ಮಡಚಿಬಿಡುತ್ತಾರೆ. ಗುಟ್ಟು ಇರುವುದು 11ರಲ್ಲಿ. ಬ್ಯಾಂಕಿನ ಸಾಲ, ಕೋರ್ಟಿನ ತಡೆ, ಸ್ವಾಧೀನದ ನಮೂದು ಎಲ್ಲ ಅಲ್ಲಿಯೇ. 2024ರ ಅಕ್ಟೋಬರಿನಲ್ಲಿ ನಮ್ಮ ಜಿಲ್ಲೆಯ ವಕ್ಫ್ ನಮೂದುಗಳ ವಿವಾದ ರಾಜ್ಯಕ್ಕೆಲ್ಲ ಸುದ್ದಿಯಾದಾಗ ಎಷ್ಟೋ ಜನ ಮೊದಲ ಸಲ ತಮ್ಮ ಉತಾರದ 11ನೆಯ ಕಾಲಮನ್ನು ಓದಿದರು. ವಕ್ಫ್ ಜಮೀನು ಮಾರಾಟಕ್ಕೆ ಬರುವಂಥದ್ದೇ ಅಲ್ಲ ಎಂಬುದನ್ನು ನಮ್ಮ ಸಮಾಜದವರೇ ಮೊದಲು ತಿಳಿದಿರಬೇಕು.

ಕೈಗಾರಿಕೆಯ ಸುತ್ತಲಿನ ಜಮೀನಿಗೆ ಇನ್ನೊಂದು ಗಂಡಾಂತರವಿದೆ. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಡಿ ಮೊದಲು 28(1)ರ ಪ್ರಾಥಮಿಕ ಅಧಿಸೂಚನೆ, ಆಮೇಲೆ 28(4)ರ ಅಂತಿಮ ಅಧಿಸೂಚನೆ ಹೊರಡುತ್ತದೆ. ಅಂತಿಮ ಅಧಿಸೂಚನೆಯಾದರೆ ಭೂಮಿ ಸರಕಾರದ್ದು. ಮೊದಲ ಅಧಿಸೂಚನೆಯ ಸುಳಿವು ಸಿಕ್ಕ ಕೂಡಲೇ ಕೆಲವರು ಆ ಹೊಲಕ್ಕೆ ಕಲ್ಲು ನೆಟ್ಟು ಗುಂಟೆಗಟ್ಟಲೆ ಮಾರಿ ಕೈತೊಳೆದುಕೊಳ್ಳುತ್ತಾರೆ. ದೂರದ ಊರಲ್ಲಿ ದುಡಿಯುವವನಿಗೆ ಇದು ತಿಳಿಯುವುದಿಲ್ಲ.

ಇನ್ನು ಬಾಂಡ್ ಪೇಪರಿನ ವ್ಯವಹಾರ. ಸಂಚಕಾರ ಕೊಟ್ಟು, ನೋಟರಿ ಮುಂದೆ ಬಾಂಡ್ ಬರೆಸಿ, "ಪ್ಲಾಟ್ ನಂದಾಯ್ತು" ಎಂದುಕೊಳ್ಳುವವರು ಇಂದಿಗೂ ಇದ್ದಾರೆ. ನೂರು ರೂಪಾಯಿ ಮೀರಿದ ಸ್ಥಿರಾಸ್ತಿಯ ಮಾರಾಟ ನೋಂದಣಿ ಆಗಲೇಬೇಕು. ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ಖರೀದಿ ಪತ್ರ ಆಗದಿದ್ದರೆ ಅದು ಮಾರಾಟವೇ ಅಲ್ಲ. ಮುಖತ್ಯಾರ ಪತ್ರದ ಮೇಲೆ ಕೊಂಡರೂ ಮಾಲೀಕತ್ವ ಬರುವುದಿಲ್ಲವೆಂದು 2011ರಲ್ಲಿಯೇ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. 500 ಚದರ ಮೀಟರಿಗಿಂತ ದೊಡ್ಡದಾದ ಲೇಔಟಿನವರು ಜಾಹೀರಾತು ಕೊಡುವ ಮೊದಲೇ ರೇರಾ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಬೇಕು. ಫಲಕದ ಮೇಲೆ ಆ ನಂಬರು ಇದೆಯೋ ನೋಡಿ. ಇಲ್ಲದಿದ್ದರೆ ಫಲಕದ ಮೇಲಿನ ಮಿನಾರು, ತೋಟ, ಈಜುಕೊಳದ ಚಿತ್ರ ನೋಡಿ ಮರುಳಾಗಬೇಡಿ.

ಇಲ್ಲಿ ಅಕ್ಕತಂಗಿಯರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮಾರುವವರು ನಮ್ಮವರೇ ಆಗಿದ್ದಾಗ "ಅಣ್ಣತಮ್ಮಂದಿರು ಎಲ್ಲಾ ಸಹಿ ಮಾಡ್ಯಾರ" ಎಂದು ಸಮಾಧಾನ ಪಡುತ್ತೇವೆ. ತಂದೆ ತೀರಿಕೊಂಡ ಮನೆಯಲ್ಲಿ ತಾಯಿಗೂ ಪಾಲು, ಹೆಣ್ಣುಮಕ್ಕಳಿಗೂ ಪಾಲು. ಹಿಂದೂ ಕುಟುಂಬಗಳಲ್ಲಿ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ಕೊಟ್ಟ ಮನೆಯಲ್ಲಿರುವ ಅಕ್ಕನ ಸಹಿ ಇಲ್ಲದೆ ಕೊಂಡ ಪ್ಲಾಟು ಹತ್ತು ವರ್ಷದ ಮೇಲೆ ಕೋರ್ಟಿಗೆ ಹೋಗುತ್ತದೆ. ಅವಳು ಕೇಳುವುದು ನ್ಯಾಯವೇ ಆಗಿರುತ್ತದೆ.

ಎಲ್ಲವೂ ಹೆದರಿಸುವ ಮಾತೇ ಆಯಿತು ಎನ್ನಬೇಡಿ. ಕೈಗಾರಿಕೆಯ ಊರಲ್ಲಿ ಬಡವರು ಒಳ್ಳೆಯ ರೀತಿಯಲ್ಲಿ ಮನೆ ಮಾಡಿಕೊಂಡ ಉದಾಹರಣೆ ಇಂಡಿಯವರಿಗೆ ರೈಲಿನ ದಾರಿಯಲ್ಲೇ ಇದೆ. ಸೊಲ್ಲಾಪುರದ ಬೀಡಿ ಕಾರ್ಮಿಕ ಹೆಣ್ಣುಮಕ್ಕಳು ಗೋದೂತಾಯಿ ಪರುಳೇಕರ್ ಅವರ ಹೆಸರಿನಲ್ಲಿ ಸಹಕಾರಿ ಸಂಘ ಕಟ್ಟಿ, ಅಕ್ಕಲಕೋಟೆ ರಸ್ತೆಯ ಕುಂಭಾರಿಯಲ್ಲಿ ಹತ್ತು ಸಾವಿರ ಮನೆಗಳ ಊರನ್ನೇ ನಿರ್ಮಿಸಿದರು. ಕೇಂದ್ರ, ರಾಜ್ಯ ಸರಕಾರಗಳ ಪಾಲಿನ ಜೊತೆ ತಮ್ಮ ಪಾಲನ್ನೂ ಕೂಡಿಸಿದರು. 2006ರಲ್ಲಿ ಪ್ರಧಾನಿ ಮನಮೋಹನ ಸಿಂಗ್ ಅವರು ಆ ಮನೆಗಳನ್ನು ಹಸ್ತಾಂತರಿಸಿದರು. ಅದೇ ಹೋರಾಟ ಮುಂದುವರಿದು 30 ಸಾವಿರ ಮನೆಗಳ ರೇ ನಗರ ಯೋಜನೆಯಾಯಿತು. ಅದರ 15 ಸಾವಿರ ಮನೆಗಳನ್ನು 2024ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಹಸ್ತಾಂತರಿಸಿದರು. ಅವರು ಬಾಡಿಗೆ ಎಣಿಸಲು ಮನೆ ಕಟ್ಟಲಿಲ್ಲ, ಇರಲು ಕಟ್ಟಿದರು. ಒಬ್ಬೊಬ್ಬರೇ ದಲ್ಲಾಳಿಯ ಹಿಂದೆ ಹೋಗಲಿಲ್ಲ, ಸಂಘದ ಹೆಸರಿನಲ್ಲಿ ಕಾಗದಪತ್ರ ಮಾಡಿಸಿದರು. ಕಾರ್ಖಾನೆ ಏಳಲಿ ಬೀಳಲಿ, ತಲೆಯ ಮೇಲಿನ ಸೂರು ಅವರದೇ.

ಈಗ ನಮ್ಮ ಜಿಲ್ಲೆಗೆ ಇದು ಇನ್ನಷ್ಟು ಅವಸರದ ವಿಷಯ. ಕೃಷ್ಣಾ ಮೇಲ್ದಂಡೆ ಮೂರನೆಯ ಹಂತಕ್ಕಾಗಿ ಆಲಮಟ್ಟಿಯ ಎತ್ತರ 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಉದ್ದೇಶವಿದೆ. ಮುಳುಗಡೆಯಾಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಕೊಡಲು 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ನಿರ್ಣಯಿಸಿತು. ಬಾಗೇವಾಡಿ, ಮುದ್ದೇಬಿಹಾಳ ಕಡೆಯ ಹೊಳೆದಂಡೆಯ ರೈತರಿಗೆ ಇದು ಸಣ್ಣ ಮಾತಲ್ಲ. ಹಣ ಬರುವ ಮೊದಲೇ ಕರಪತ್ರ ಬರುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಹೊಲ ಕಳೆದುಕೊಂಡವನು ಸಾಧ್ಯವಿದ್ದಲ್ಲಿ ಮೊದಲು ಹೊಲವನ್ನೇ ಕೊಳ್ಳಲಿ, ಇರಲು ಒಂದು ಮನೆ ಮಾಡಲಿ, ಮಕ್ಕಳ ಓದಿಗೆ ಬೇರೆಯಾಗಿ ತೆಗೆದಿಡಲಿ. ಪ್ಲಾಟು ಅದರ ಆಮೇಲೆ. ಇದು ನನ್ನ ಅಭಿಪ್ರಾಯ, ಒಪ್ಪದವರು ಇರಬಹುದು.

ಓದಿನ ವಿಷಯ ಬಂತೆಂದು ಹೇಳುತ್ತೇನೆ. ಸ್ಥಾವರ ನಡೆಸುವ ಕಾಲಕ್ಕೆ ಜನ ಕಡಿಮೆ ಸಾಕು ಎಂದೆನಲ್ಲ, ಆ ಕಡಿಮೆ ಜನ ಯಾರು? ಫಿಟ್ಟರ್, ಎಲೆಕ್ಟ್ರಿಶಿಯನ್, ವೆಲ್ಡರ್, ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಐಟಿಐ ಮುಗಿಸಿದವರು, ಡಿಪ್ಲೊಮಾ ಮಾಡಿದವರು, ಗೇಟ್ ಪರೀಕ್ಷೆ ಬರೆದು ಬಂದ ಎಂಜಿನಿಯರುಗಳು. ಎರಡು ವರ್ಷದ ಐಟಿಐ ಖರ್ಚು ಒಂದು ಗುಂಟೆಯ ಸಂಚಕಾರಕ್ಕೂ ಸಾಲದಷ್ಟು. ತಂದೆ ಕೂಡಗಿಯಲ್ಲಿ ಪ್ಲಾಟು ಹಿಡಿದು ಕುಳಿತು, ಮಗ ಹತ್ತನೆಯತ್ತ ಶಾಲೆ ಬಿಟ್ಟು ಅದೇ ಸ್ಥಾವರದ ಗೇಟಿನಲ್ಲಿ ದಿನಗೂಲಿಗೆ ನಿಂತರೆ ಆ ಪ್ಲಾಟಿನ ಲಾಭವನ್ನು ಹೇಗೆ ಎಣಿಸುವುದು?

ಅಧ್ಯಕ್ಷರಲ್ಲಿ ಒಂದು ವಿನಂತಿ. ಇಂದು ಉತಾರವನ್ನು ಮೊಬೈಲಿನಲ್ಲೇ ನೋಡಬಹುದು, ಋಣಭಾರ ಪತ್ರವನ್ನು ಕಾವೇರಿ ತಂತ್ರಾಂಶದಲ್ಲಿ ತೆಗೆಯಬಹುದು. ನಮ್ಮ ಪದವಿ ವಿದ್ಯಾರ್ಥಿಗಳಿಗೆ ಇದು ಹತ್ತು ನಿಮಿಷದ ಕೆಲಸ. ಸಂಘವು ತಿಂಗಳಿಗೊಂದು ಭಾನುವಾರ ನಾಲ್ಕೂ ತಾಲೂಕುಗಳಲ್ಲಿ ಇಬ್ಬರು ವಿದ್ಯಾರ್ಥಿಗಳನ್ನೂ ಒಬ್ಬ ವಕೀಲರನ್ನೂ ಕೂಡಿಸಿ, ಪ್ಲಾಟು ಕೊಳ್ಳುವವರ ಕಾಗದಗಳನ್ನು ಓದಿ ಹೇಳುವ ವ್ಯವಸ್ಥೆ ಮಾಡಬೇಕು. ಹಬ್ಬಕ್ಕೆ ಊರಿಗೆ ಬಂದವರು ಸಂಚಕಾರ ಕೊಡುವ ಮೊದಲು ಅಲ್ಲಿಗೆ ಬರಲಿ. ಮುಂದಿನ ಹಬ್ಬದೊಳಗೆ ಆರಂಭಿಸಿದರೆ ಮೊದಲನೆಯ ಭಾನುವಾರ ನಾನೂ ಬಂದು ಕೂಡುತ್ತೇನೆ.