ಕೊನೆಯ ದಿನಾಂಕ ಮತ್ತು ನಮ್ಮ ಹುಡುಗರು

(ಹುಣಸೂರಿನಲ್ಲಿ ಸೇರಿದ್ದ ನಿರುದ್ಯೋಗಿ ಯುವಕ ಯುವತಿಯರ ಸಭೆಯಲ್ಲಿ ನಿವೃತ್ತ ಗುಮಾಸ್ತರೊಬ್ಬರು ಆಡಿದ ಮಾತು)



ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಬಸ್ ಚಾರ್ಜು ಕೊಟ್ಟುಕೊಂಡು ಬಂದಿದ್ದೀರಿ. ಉದ್ದುದ್ದ ಮಾತಾಡಿ ನಿಮ್ಮ ಕೊನೇ ಬಸ್ಸು ತಪ್ಪಿಸೋದಿಲ್ಲ. ನಾನು ಭಾಷಣಕಾರನೂ ಅಲ್ಲ. ಮೂವತ್ತು ವರ್ಷ ಗುಮಾಸ್ತನಾಗಿ ಕಡತ ಕಟ್ಟಿದವನು. ಅದರಲ್ಲಿ ಕೆಲವು ವರ್ಷ ಕೆಲಸಕ್ಕೆ ಬಂದ ಅರ್ಜಿಗಳನ್ನು ಪರಿಶೀಲನೆ ಮಾಡುವ ಮೇಜಿನ ಹಿಂದೆ ಕೂತಿದ್ದೆ. ಆ ಮೇಜಿನ ಹಿಂದೆ ಕಂಡದ್ದನ್ನು ಹೇಳೋಕೆ ಬಂದಿದ್ದೇನೆ.

ಮೊದಲು ನನ್ನ ಕೈಯಿಂದಲೇ ಆದದ್ದನ್ನು ಹೇಳಿಬಿಡುತ್ತೇನೆ. ಒಂದು ದಿನ ನಮ್ಮ ಕಡೆಯ ಹುಡುಗನೊಬ್ಬ ಮೂಲ ದಾಖಲೆಗಳ ಪರಿಶೀಲನೆಗೆ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಕಾಲಲ್ಲಿ ಹವಾಯಿ ಚಪ್ಪಲಿ. ಅಂಕ ಚೆನ್ನಾಗಿತ್ತು. ಜಾತಿ ಪ್ರಮಾಣಪತ್ರ ತೆಗೆದು ನೋಡಿದೆ. ಅರ್ಜಿಯ ಕೊನೆಯ ದಿನಾಂಕ ಮುಗಿದು ನಾಲ್ಕು ದಿನ ಆದಮೇಲಿನ ರುಜು. ಕೇಳಿದ್ದಕ್ಕೆ, 'ಮೂರು ಸಲ ಹೋದೆ ಸಾ, ಸಾಹೇಬ್ರು ಎಲೆಕ್ಷನ್ ಡ್ಯೂಟಿ ಅಂದ್ರು' ಅಂದ. 'ಅರ್ಜಿ ಕೊಟ್ಟಿದ್ದಕ್ಕೆ ರಸೀದಿ ಐತಾ?' ಅಂದೆ. ಇರಲಿಲ್ಲ. ಆ ಒಂದು ಚೀಟಿ ಇದ್ದಿದ್ದರೆ ಮೇಲಿನವರ ಮುಂದೆ ಇಡೋಕೆ ನನಗೂ ಏನೋ ಒಂದು ಇರುತ್ತಿತ್ತು. ನಿಯಮದಂತೆ 'ತಿರಸ್ಕೃತ' ಅಂತ ಬರೆದೆ. ಅವನು ಜಗಳ ಮಾಡಲಿಲ್ಲ, ಯಾಕೆ ಅಂತಲೂ ಕೇಳಲಿಲ್ಲ. 'ಬತ್ತೀನಿ ಸಾ' ಅಂತ ಕೈ ಮುಗಿದು ಹೋದ. ಪಕ್ಕದ ಮೇಜಿನವರು ಕಾಫಿ ಕುಡೀತಾ ಅಂದರು: 'ಇವರಲ್ಲಿ ಮೆರಿಟ್ ಇರೋರು ಸಿಕ್ಕೋದೇ ಇಲ್ಲ ಕಣ್ರೀ.' ಮೆರಿಟ್ಟು ನನ್ನ ಮುಂದೆಯೇ ಇತ್ತು. ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಂಡು ಹೋದದ್ದನ್ನು ಇಬ್ಬರೂ ನೋಡಿದ್ದೆವು.

ನಮ್ಮ ಹುಡುಗರು ಸಂದರ್ಶನದಲ್ಲಿ ಮಾತು ಬಾರದೆ ಕೆಲಸ ಕಳಕೊಳ್ಳುತ್ತಾರೆ ಅಂತ ನೀವು ತಿಳಿದಿದ್ದೀರಿ. ನಾನು ನೋಡಿದ ಹಾಗೆ ಹೆಚ್ಚಿನವರು ಅಲ್ಲಿವರೆಗೆ ಹೋಗುವುದೇ ಇಲ್ಲ. ಕಾಗದದಲ್ಲೇ ಬಿದ್ದುಹೋಗುತ್ತಾರೆ. ಆ ಕಾಗದದ ತಪ್ಪು ಶುರುವಾಗುವುದು ಎಲ್ಲಿ ಗೊತ್ತಾ? ಊರಿನ ಪ್ರೈಮರಿ ಶಾಲೆಯ ದಾಖಲಾತಿ ಪುಸ್ತಕದಲ್ಲಿ.

ನಮ್ಮಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಹೋಗಿ ಹೊರಗೆ ನಿಂತರು. 'ಹುಟ್ಟಿದ್ದು ಯಾವಾಗ್ಲಾ?' 'ಮಾರಬ್ಬ ಆಗಿ ಎಂಟು ದಿನುಕ್ಕೆ ಬುದ್ಧಿ.' ಮೇಷ್ಟ್ರು ತಮಗೆ ಅನುಕೂಲವಾದ ಒಂದು ಜೂನ್ ತಿಂಗಳ ತಾರೀಖು ಬರೆದುಕೊಂಡರು. ಅಪ್ಪನ ಹೆಸರನ್ನು ಕೇರಿಯಲ್ಲಿ ಕರೆಯುವ ಹಾಗೇ ಬರೆದರು. ಜಾತಿಯ ಕಾಲಮ್ಮಿನಲ್ಲಿ 'ಹರಿಜನ' ಅಂದರು. ಹದಿನೈದು ವರ್ಷ ಆದಮೇಲೆ ನೋಡಿದರೆ ಶಾಲೆಯಲ್ಲಿ ಒಬ್ಬ ಅಪ್ಪ, ಪಹಣಿಯಲ್ಲಿ ಇನ್ನೊಬ್ಬ ಅಪ್ಪ, ರೇಷನ್ ಕಾರ್ಡಿನಲ್ಲಿ ಮೂರನೆಯವನು. ಮೂವರೂ ಒಬ್ಬರೇ ಅಂತ ನಾನು ರುಜುವಾತು ಮಾಡಬೇಕು!

ಇವತ್ತು ಅಪ್ಪಂದಿರು ಹೊರಗೆ ನಿಲ್ಲೋದಿಲ್ಲ ಅನ್ನಿ. ಆದರೂ ತಪ್ಪು ನಿಂತಿಲ್ಲ. ಆಧಾರಿನಲ್ಲಿ ಒಂದು ಇನಿಷಿಯಲ್, ಅಂಕಪಟ್ಟಿಯಲ್ಲಿ ಇನ್ನೊಂದು. ನಿಮ್ಮ ಮನೆಯಲ್ಲಿ ಎಂಟು, ಒಂಬತ್ತನೇ ತರಗತಿ ಓದುವ ತಮ್ಮ ತಂಗಿಯರಿದ್ದರೆ ನಾಳೆಯೇ ಶಾಲೆಗೆ ಹೋಗಿ ಹೆಸರು, ಜನ್ಮದಿನಾಂಕ, ಜಾತಿ ಏನು ಬರೆದಿದೆ ಅಂತ ಓದಿ ಬನ್ನಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾಗಿ ಬಂದಮೇಲೆ ತಿದ್ದಿಸೋದು ಅಂದರೆ ವಕೀಲರ ಮನೆ ಬಾಗಿಲು.

ಆ 'ಹರಿಜನ' ಅನ್ನುವ ಮಾತಿಗೆ ಬರೋಣ. 1950ರ ರಾಷ್ಟ್ರಪತಿಗಳ ಆದೇಶದಿಂದ ಬಂದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಇವತ್ತು ನಮ್ಮ ರಾಜ್ಯಕ್ಕೆ 101 ಹೆಸರುಗಳಿವೆ. ಆದಿ ಕರ್ನಾಟಕ ಇದೆ, ಆದಿ ದ್ರಾವಿಡ ಇದೆ, ಹೊಲೆಯ ಇದೆ, ಮಾದಿಗ ಇದೆ. ಹರಿಜನ ಇಲ್ಲ. ಗಾಂಧೀಜಿ ಪ್ರೀತಿಯಿಂದಲೇ ಕರೆದಿರಬಹುದು, ತಹಸೀಲ್ದಾರರು ಆ ಪ್ರೀತಿಗೆ ರುಜು ಹಾಕೋಕೆ ಬರೋದಿಲ್ಲ. ಪಟ್ಟಿಯಲ್ಲಿ ಹೇಗಿದೆಯೋ ಹಾಗೇ, ನಮೂನೆ 'ಡಿ'ಯಲ್ಲಿ ಪ್ರಮಾಣಪತ್ರ ಇರಬೇಕು. ಕೆಲಸಕ್ಕೆ ಆಯ್ಕೆ ಆದಮೇಲೆ ಜಾತಿ ಪರಿಶೀಲನಾ ಸಮಿತಿಯ ಮುಂದೆ ಸಿಂಧುತ್ವಕ್ಕೆ ಹೋಗುವುದೂ ಅದೇ ಕಾಗದ. ಒಂದು ಕಡೆ 'ಎ.ಕೆ.', ಇನ್ನೊಂದು ಕಡೆ 'ಹಿಂದೂ ಪ.ಜಾ.' ಅಂತಿದ್ದರೆ ತಿಂಗಳುಗಟ್ಟಲೆ ಓಡಾಡಿಸುತ್ತಾರೆ.

ಕೋಟೆ ಮತ್ತು ಹುಣಸೂರಿನ ಹಾಡಿಗಳ ಕಥೆ ಇನ್ನೂ ಕಷ್ಟದ್ದು. ಬೆಟ್ಟಕುರುಬರ ಹುಡುಗ ತಾನು ಏನೋ ಅದನ್ನೇ, 'ಬೆಟ್ಟ ಕುರುಬ' ಅಂತ ನಿಜ ಬರೆದರೆ, ಆ ಹೆಸರು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲೇ ಇರಲಿಲ್ಲ. ಇದ್ದದ್ದು 'ಕಾಡು ಕುರುಬ'. 2022ರ ಡಿಸೆಂಬರಿನಲ್ಲಿ ಸಂಸತ್ತು ತಿದ್ದುಪಡಿ ಮಾಡಿ 'ಕಾಡು ಕುರುಬ'ದ ಜೊತೆಗೆ ಸೇರಿಸಿದ ಮೇಲೆ ಆ ಹೆಸರಿಗೆ ಬೆಲೆ ಬಂತು. ಅಲ್ಲಿತನಕ ನಿಜ ಬರೆದವನು ಹೊರಗೆ ನಿಂತ. ಇದನ್ನು ಅಭ್ಯರ್ಥಿಯ ತಪ್ಪು ಅನ್ನೋಕೆ ನನಗೆ ಬಾಯಿ ಬರೋದಿಲ್ಲ. ಹಾಡಿಯಿಂದ ಬಂದಿರುವವರು ಇದ್ದರೆ ಹಳೇ ಪ್ರಮಾಣಪತ್ರ ನಂಬಿಕೊಂಡು ಕೂರಬೇಡಿ, ಹೊಸದು ಮಾಡಿಸಿ.

ಇನ್ನು ಕೆಲವರು ಜಾತಿಯ ಕಾಲಮ್ಮನ್ನೇ ಬೇಕೆಂದು ಖಾಲಿ ಬಿಡುತ್ತಾರೆ, ಇಲ್ಲವೆ ಸಾಮಾನ್ಯ ವರ್ಗ ಅಂತ ಗುರುತು ಹಾಕುತ್ತಾರೆ. ಮೈಸೂರಿನಲ್ಲಿ ಬಾಡಿಗೆ ಮನೆ ಮಾಡಿ ಓದುವ ಹುಡುಗರಲ್ಲಿ ಇದು ಹೆಚ್ಚು. ಓನರಿಗೆ ಗೊತ್ತಾದರೆ ಮನೆ ಬಿಡಿಸುತ್ತಾನೆ ಅನ್ನೋ ಭಯ ಅರ್ಜಿಯವರೆಗೂ ಬಂದುಬಿಟ್ಟಿರುತ್ತೆ. 2025ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ಸಮೀಕ್ಷೆಯವರು ಬಂದಾಗಲೂ ಇದೇ ಆಯಿತು. 'ಆದಿ ಕರ್ನಾಟಕ' ಅಂದು ಅಷ್ಟಕ್ಕೇ ಬಾಯಿ ಮುಚ್ಚಿಕೊಂಡ ಮನೆಗಳು ಬಹಳ. ಇನ್ನೊಂದು ತಪ್ಪು ತಿಳಿವಳಿಕೆ ಇದೆ: ಮೀಸಲಾತಿ ಬರೆದರೆ ನಮ್ಮನ್ನು ಅದೇ ಮೂಲೆಗೆ ಕೂರಿಸುತ್ತಾರೆ, ಜನರಲ್ಲಿನಲ್ಲಿ ಬರೋಕೆ ಬಿಡೋದಿಲ್ಲ ಅಂತ. ಹಾಗಲ್ಲ. ಅಂಕದ ಬಲದ ಮೇಲೆ ಸಾಮಾನ್ಯ ಪಟ್ಟಿಗೆ ಬಂದವನನ್ನು ಮೀಸಲು ಲೆಕ್ಕಕ್ಕೆ ಹಿಡಿಯಬಾರದು ಅಂತ 1992ರಲ್ಲಿ ಇಂದ್ರಾ ಸಾಹ್ನಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಜಾತಿ ಬರೆಯದವನಿಗೆ ವಯಸ್ಸಿನ ಸಡಿಲಿಕೆಯೂ ಇಲ್ಲ, ಮೀಸಲೂ ಇಲ್ಲ. ಲಾಭ ಯಾರಿಗೆ?

ಬಾಬಾಸಾಹೇಬರು 1917ರಲ್ಲಿ ಪರದೇಶದಲ್ಲಿ ಓದಿ ಬಂದು ಬರೋಡ ಸಂಸ್ಥಾನದಲ್ಲಿ ಕೆಲಸಕ್ಕೆ ಸೇರಿದರು. ಇರೋಕೆ ಒಂದು ಮನೆ ಸಿಗದೆ ಊರು ಬಿಟ್ಟು ಬಂದರು. ಅವರ ಅರ್ಜಿಯಲ್ಲಿ ತಪ್ಪಿತ್ತಾ? ತಪ್ಪು ಯಾವಾಗಲೂ ಅರ್ಜಿದಾರನದೇ ಅನ್ನುವವರಿಗೆ ಇದನ್ನು ನೆನಪು ಮಾಡಿ. ಅದೇ ಬಾಬಾಸಾಹೇಬರು ವೈಸರಾಯರ ಮಂಡಳಿಯಲ್ಲಿದ್ದಾಗ, 1943ರಲ್ಲಿ, ಕೇಂದ್ರದ ನೌಕರಿಗಳಲ್ಲಿ ಪರಿಶಿಷ್ಟರಿಗೆ ನೂರಕ್ಕೆ ಎಂಟೂ ಚಿಲ್ಲರೆ ಹುದ್ದೆ ಅಂತ ಆದೇಶ ಆಯಿತು. ಅಷ್ಟು ಕಷ್ಟದಿಂದ ಬಂದ ಕಾಲಮ್ಮನ್ನು ನಾವು ನಾಚಿಕೆಗೆ ಖಾಲಿ ಬಿಡುತ್ತೀವಿ.

ಗ್ರಾಮೀಣ ಮೀಸಲಿನದು ತಿರುಗುಮುರುಗು ಕಥೆ. ಊರಲ್ಲಿ ಏಳರವರೆಗೆ ಓದಿ, ಆಮೇಲೆ ಹುಣಸೂರಿನಲ್ಲೋ ಕೆ.ಆರ್. ನಗರದಲ್ಲೋ ಸರ್ಕಾರಿ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಮುಗಿಸಿರುತ್ತಾರೆ. ಮನೆ ಹಳ್ಳಿಯಲ್ಲಿದೆ, ಅಪ್ಪ ಅವ್ವ ಹಳ್ಳಿಯಲ್ಲಿದ್ದಾರೆ, ಹಾಗಾಗಿ 'ಗ್ರಾಮೀಣ ಅಭ್ಯರ್ಥಿ' ಅಂತ ಹಾಕುತ್ತಾರೆ. ಕಾನೂನು ಕೇಳೋದು ಮನೆ ಎಲ್ಲಿದೆ ಅಂತಲ್ಲ, ಒಂದರಿಂದ ಹತ್ತರವರೆಗೆ ಓದಿದ ಶಾಲೆ ಎಲ್ಲಿತ್ತು ಅಂತ. ಪಟ್ಟಣದ ಮೂರು ವರ್ಷ ಅದನ್ನು ಕೆಡಿಸುತ್ತೆ. ಹತ್ತೂ ವರ್ಷ ಹಳ್ಳಿಯಲ್ಲೇ ಓದಿದ ಹೆಣ್ಣುಮಕ್ಕಳು ಇದನ್ನು ಕೇಳದೇ ಬಿಡೋದನ್ನೂ ನೋಡಿದ್ದೇನೆ. ಹೆಡ್ ಮೇಷ್ಟ್ರ ರುಜು ಸಾಲದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲು ರುಜು ಬೇಕು. ಕನ್ನಡ ಮಾಧ್ಯಮದ ಪ್ರಮಾಣಪತ್ರ ಬೇರೆ ಕಾಗದ, ಅದನ್ನೂ ಮಾಡಿಸಿ ಇಟ್ಟುಕೊಳ್ಳಿ.

ಕೋಟೆಯವರಿಗೆ ಒಂದು ಮಾತು. ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ಮುಳುಗಡೆಯಾದ ಊರುಗಳ ಮಕ್ಕಳು, ಮೊಮ್ಮಕ್ಕಳು ಈ ಸಭೆಯಲ್ಲೂ ಇರಬಹುದು. ರಾಜ್ಯದ ಗ್ರೂಪ್ 'ಸಿ', ಗ್ರೂಪ್ 'ಡಿ' ನೇಮಕಾತಿಗಳ ಪ್ರಕಟಣೆಗಳಲ್ಲಿ ಯೋಜನೆಗಳಿಂದ ನಿರಾಶ್ರಿತರಾದವರಿಗೆ ಅಂತ ಬೇರೆ ಮೀಸಲು ಬರುತ್ತದೆ. ಜಮೀನು ಕಳಕೊಂಡವರ ಹತ್ತಿರ ಏನಾದರೂ ಕಾಗದ ಉಳಿದಿರುತ್ತೆ. ಅವರ ಹೊಲದಲ್ಲಿ ಜೀತಕ್ಕಿದ್ದ ನಮ್ಮವರ ಗುಡಿಸಲೂ ಅದೇ ನೀರಿನಲ್ಲಿ ಮುಳುಗಿತು, ಕಾಗದ ಮಾತ್ರ ಇಲ್ಲ. ಇದ್ದವರು ಅರ್ಜಿಯಲ್ಲಿ ಮರೆಯದೆ ಕೇಳಿ. ಇಲ್ಲದವರ ವಿಷಯ ಒಂದು ಅರ್ಜಿಯಲ್ಲಿ ಮುಗಿಯೋದಲ್ಲ, ಅದಕ್ಕೆ ಇನ್ನೊಂದು ಸಭೆ ಮಾಡಬೇಕು.

ಈಗ ಕೊನೆಯ ದಿನಾಂಕ. ನಮ್ಮ ನಾಲ್ಕು ತಾಲ್ಲೂಕು ಹೊಗೆಸೊಪ್ಪಿನ ಸೀಮೆ. ಸೊಪ್ಪು ಮುರಿಯೋ ಕಾಲ ಬಂದರೆ ಮನೆಮಂದಿಯೆಲ್ಲ ಕೂಲಿಗೆ, ರಾತ್ರಿ ಬ್ಯಾರನ್ನಿಗೆ ಬೆಂಕಿ ಹಾಕೋಕೆ ನಿದ್ದೆಗೆಟ್ಟು ಕೂರೋದು. ಪ್ರಕಟಣೆ ಬಂದದ್ದು ಗೊತ್ತಾಗುವ ಹೊತ್ತಿಗೆ ಮೂರು ದಿನ ಉಳಿದಿರುತ್ತೆ. ಆಗ ಓಡಿದರೆ ಸೈಬರ್ ಸೆಂಟರಿನಲ್ಲಿ ಕ್ಯೂ, ನಾಡಕಚೇರಿಯಲ್ಲಿ ಸರ್ವರ್ ಡೌನು. ಆದ್ದರಿಂದ ಪ್ರಕಟಣೆ ಬಂದಮೇಲೆ ಕಾಗದ ಮಾಡಿಸೋದಲ್ಲ, ಕಾಗದ ಮಾಡಿಸಿಟ್ಟುಕೊಂಡು ಪ್ರಕಟಣೆಗೆ ಕಾಯಿರಿ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸಕಾಲದ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಆ ಕಾಯ್ದೆ 2011ರಿಂದ ಇದೆ. ಅದನ್ನು ಕೇಳೋದು ಜಗಳಗಂಟತನ ಅಲ್ಲ.

ಸೈಬರ್ ಸೆಂಟರಿನ ಹುಡುಗನಿಗೆ ಕಾಗದದ ಕಟ್ಟು ಕೊಟ್ಟು ಟೀ ಕುಡಿಯೋಕೆ ಹೋಗಬೇಡಿ. ಅವನು ಬೇಗ ಮುಗಿಯಲಿ ಅಂತ ತನ್ನದೇ ಮೊಬೈಲ್ ನಂಬರ್ ಹಾಕುತ್ತಾನೆ. ಪರೀಕ್ಷೆಯ ಮೆಸೇಜು, ದಾಖಲೆ ಪರಿಶೀಲನೆಯ ಮೆಸೇಜು ಅವನಿಗೆ ಹೋಗುತ್ತೆ. ನಮ್ಮ ಕಾಲದಲ್ಲೂ ಇದಿತ್ತು, ಬೇರೆ ರೂಪದಲ್ಲಿ. ಅಂಚೆಯವನು ಕೇರಿಗೆ ಬರುತ್ತಿರಲಿಲ್ಲ. ನನ್ನ ಮೊದಲ ಸಂದರ್ಶನದ ಕಾರ್ಡನ್ನು ಮೇಲುಬೀದಿಯ ಅಂಗಡಿಯಲ್ಲಿ ಕೊಟ್ಟು ಹೋಗಿದ್ದ. ಅಂಗಡಿಯವರು ಅದನ್ನು ಅವ್ವನ ಕೈಗೆ ಕೊಟ್ಟದ್ದು ಸಂದರ್ಶನ ಮುಗಿದ ಮರುವಾರ, ಉಪ್ಪು ತರೋಕೆ ಹೋದಾಗ. ಎರಡನೇ ಅರ್ಜಿಗೆ ಹಾಸ್ಟೆಲ್ ವಿಳಾಸ ಕೊಟ್ಟೆ, ಕೆಲಸ ಬಂತು. ಆದ್ದರಿಂದ ನಂಬರ್ ನಿಮ್ಮದೇ ಇರಲಿ. ಸಿಮ್ ಬದಲಾಯಿಸೋ ಚಾಳಿ ಬಿಡಿ. ಶುಲ್ಕ ಕಟ್ಟಿದ ಮೇಲೆ ಅರ್ಜಿಯ ಪ್ರಿಂಟು ತೆಗೆದು ಒಂದೊಂದು ಸಾಲೂ ಬೆರಳಿಟ್ಟು ಓದಿ.

ದುಡ್ಡು ಕೊಟ್ಟು ಕೆಲಸ ಕೊಡಿಸುತ್ತೇನೆ ಅನ್ನುವವರ ಬಗ್ಗೆ ಹೆಚ್ಚು ಹೇಳೋದಿಲ್ಲ. 2021ರ ಅಕ್ಟೋಬರಿನಲ್ಲಿ 545 ಪಿ.ಎಸ್.ಐ. ಹುದ್ದೆಗೆ ಪರೀಕ್ಷೆ ಆಯಿತು, ಅಕ್ರಮ ಹೊರಬಿದ್ದು 2022ರ ಏಪ್ರಿಲಿನಲ್ಲಿ ಆಯ್ಕೆ ರದ್ದಾಯಿತು. ಮರುಪರೀಕ್ಷೆ 2024ರ ಜನವರಿಗೆ. ಹಗಲು ರಾತ್ರಿ ಓದಿ ನೇರವಾಗಿ ಪಾಸಾದವನಿಗೂ ಅದೇ ಗತಿ. ಇರುವ ಅರ್ಧ ಎಕರೆ ಅಡವಿಟ್ಟು ಬ್ರೋಕರನ ಹಿಂದೆ ಹೋಗಬೇಡಿ. ಖಾಸಗಿ ಕಂಪನಿಯ ಕಂಟ್ರಾಕ್ಟರಿಗೆ ಮೂಲ ಅಂಕಪಟ್ಟಿ ಕೊಟ್ಟು ಬರೋದೂ ಬೇಡ. ಜೆರಾಕ್ಸ್ ಕೊಡಿ, ಮೂಲ ತೋರಿಸಿ ವಾಪಸ್ ತನ್ನಿ.

ಪರೀಕ್ಷೆಯ ವಿಷಯ. ಲೋಕಸೇವಾ ಆಯೋಗ 2024ರ ಆಗಸ್ಟ್ 27ರಂದು 384 ಹುದ್ದೆಗಳಿಗೆ ನಡೆಸಿದ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡದ ಪ್ರಶ್ನೆಗಳ ಅನುವಾದ ಎಷ್ಟು ಕೆಟ್ಟಿತ್ತು ಅಂದರೆ ಡಿಸೆಂಬರ್ 29ಕ್ಕೆ ಮತ್ತೆ ಪರೀಕ್ಷೆ ಮಾಡಬೇಕಾಯಿತು. ಎರಡನೇ ಸಲವೂ ತಪ್ಪು ಬಂದವು. ಕನ್ನಡನಾಡಿನಲ್ಲಿ ಕನ್ನಡದಲ್ಲಿ ಓದಿದ್ದೇ ಅಭ್ಯರ್ಥಿಯ ತಪ್ಪಾಯಿತು! ಇದಕ್ಕೆ ಬೀದಿಗಿಳಿದು ಕೂಗಬೇಕು, ಕೂಗಿದ್ದಾರೆ ಕೂಡ. ಆದರೆ ಪರೀಕ್ಷಾ ಕೊಠಡಿಯಲ್ಲಿ ಕೂಗೋಕೆ ಆಗೋದಿಲ್ಲ. ಕನ್ನಡದ ವಾಕ್ಯ ಅರ್ಥವಾಗದಿದ್ದರೆ ಪಕ್ಕದ ಇಂಗ್ಲಿಷ್ ವಾಕ್ಯ ನೋಡುವಷ್ಟು ಇಂಗ್ಲಿಷನ್ನು ಈಗಲೇ ಕಲಿಯಿರಿ.

ಇನ್ನೊಂದೇ ಮಾತು ಉಳಿದಿದೆ. ಆ ಹುಡುಗ ಕೈ ಮುಗಿದು ಹೋದದ್ದು ಹೇಳಿದೆನಲ್ಲ. ಅವನ ಅರ್ಜಿಯ ತಪ್ಪಿಗಿಂತ ಅದು ನನ್ನನ್ನು ಹೆಚ್ಚು ಕಾಡಿದೆ. 'ಬುದ್ಧಿ, ಬುದ್ಧಿ' ಅಂತ ಹೊರಗೆ ನಿಂತ ನಮ್ಮಪ್ಪನ ಮೌನ ಅವನಲ್ಲೂ ಇತ್ತು. ತಿರಸ್ಕಾರ ಆದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ತಾತ್ಕಾಲಿಕ ಆಯ್ಕೆ ಪಟ್ಟಿ ಬಂದಾಗ ಆಕ್ಷೇಪಣೆಗೆ ಕೆಲವೇ ದಿನ ಕೊಟ್ಟಿರುತ್ತಾರೆ, ಆ ದಿನಗಳಲ್ಲಿ ಪಟ್ಟಿ ತಿರುವಿ ನೋಡಿ. ಕೊನೆಗೆ ಆಯ್ಕೆಯಾದವನ ಅಂಕ ಎಷ್ಟು, ಯಾವ ಮೀಸಲಿನಲ್ಲಿ, ನಿಮ್ಮದೆಷ್ಟು, ಲೆಕ್ಕ ಹಾಕಿ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಒಂದು ಅರ್ಜಿ ಹಾಕೋಕೆ ಶುಲ್ಕ ಹತ್ತು ರೂಪಾಯಿ. ಸರ್ಕಾರಿ ನೇಮಕಾತಿಯ ತಕರಾರಿಗೆ ಅಂತಲೇ ಆಡಳಿತ ನ್ಯಾಯಮಂಡಳಿ 1986ರಿಂದ ಕೂತಿದೆ. ಒಬ್ಬರಿಗೆ ಭಯವಾದರೆ ನಾಲ್ಕು ಜನ ಹೋಗಿ.

ನನ್ನ ಮಾತು ಇಷ್ಟು. ಟಿ.ಸಿ., ಅಂಕಪಟ್ಟಿ, ಜಾತಿ ಪ್ರಮಾಣಪತ್ರ ತಂದಿರುವವರು ಆ ಕಿಟಕಿ ಪಕ್ಕದ ಬೆಂಚಿಗೆ ಬನ್ನಿ. ಪಿರಿಯಾಪಟ್ಟಣದ ಕಡೆಯವರು ಮೊದಲು ಬನ್ನಿ, ನಿಮ್ಮ ಬಸ್ಸು ಬೇಗ. ನಾನು ಕನ್ನಡಕ ತಂದಿದ್ದೇನೆ.