ಜೇನ್ನೊಣ ಕಲಿಸಿದ ಹಾರಾಟದ ಪಾಠ



ಹಜೀರಾದ ನಮ್ಮ ಬಾಲ್ಕನಿಯ ಮೇಲೆ ಕಳೆದ ವರ್ಷ ಜೇನು ಗೂಡು ಕಟ್ಟಿತ್ತು. ಮಕ್ಕಳಿಗೆ ಕಚ್ಚೀತೆಂಬ ಹೆದರಿಕೆಯಿಂದ ಔಷಧಿ ಹೊಡೆಯುವವರನ್ನು ಕರೆಸಿದವಳು ನಾನೇ. ಬೆಳಿಗ್ಗೆ ನೆಲದ ತುಂಬ ಸತ್ತ ನೊಣಗಳು. "ಅಮ್ಮ, ಇವು ಯಾಕೆ ಏಳ್ತಿಲ್ಲ?" ಎಂದು ಮಗಳು ಕೇಳಿದಳು. ನನಗೆ ನಾಚಿಕೆಯಾಯಿತು. ಎಂ.ಟೆಕ್‌ನಲ್ಲಿ ಡ್ರೋನ್‌ಗಳ ಕಣ್ಣಿನ ಬಗ್ಗೆ ಓದಿದವಳು ನಾನು. ಆ ವಿದ್ಯೆಗೆ ಗುರುವೇ ಈ ನೊಣ.

ಊರಿಗೆ ಹೋಗುವಾಗ ರೈಲಿನ ಕಿಟಕಿ ಪಕ್ಕ ಕೂತದ್ದನ್ನು ನೆನಪಿಸಿಕೊಳ್ಳಿ. ಹತ್ತಿರದ ಕಂಬಗಳು ಸರಸರನೆ ಓಡುತ್ತವೆ, ದೂರದ ಗುಡ್ಡ ನಿಧಾನವಾಗಿ ಸರಿಯುತ್ತದೆ. ಜೇನ್ನೊಣ ದೂರವನ್ನು ಅಳೆಯುವುದೂ ಹೀಗೆಯೇ. ಇದನ್ನು ತೋರಿಸಿಕೊಟ್ಟವರಲ್ಲಿ ಪ್ರಮುಖರು ಮಂಡ್ಯಂ ಶ್ರೀನಿವಾಸನ್. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿ, ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ಮುಂದೆ ಆಸ್ಟ್ರೇಲಿಯಾದಲ್ಲಿ ಸಂಶೋಧನೆ ಮಾಡಿ, 2006ರಲ್ಲಿ ಅಲ್ಲಿನ ಪ್ರಧಾನಮಂತ್ರಿಗಳ ವಿಜ್ಞಾನ ಪ್ರಶಸ್ತಿ ಪಡೆದರು.

ಎರಡೂ ಗೋಡೆಗಳಿಗೆ ಪಟ್ಟೆ ಬಳಿದ ಓಣಿಯಲ್ಲಿ ಜೇನ್ನೊಣ ಸರಿಯಾಗಿ ನಡುವೆಯೇ ಹಾರಿತು. ಒಂದು ಬದಿಯ ಪಟ್ಟೆಗಳನ್ನು ಅದು ಹಾರುವ ದಿಕ್ಕಿಗೇ ಸರಿಸಿದಾಗ ಅದು ಆ ಗೋಡೆಯತ್ತ ವಾಲಿತು. ಅಂದರೆ ಎರಡು ಕಣ್ಣಿಗೂ ಕಾಣುವ ಓಟದ ವೇಗವನ್ನು ಅದು ಸಮ ಮಾಡಿಕೊಳ್ಳುತ್ತದೆ. ಕೆಳಗಿಳಿಯುವಾಗ ನೆಲ ಓಡುವಂತೆ ಕಾಣುವ ವೇಗವನ್ನು ಒಂದೇ ಸಮ ಇಟ್ಟುಕೊಳ್ಳುತ್ತದೆ. ನೆಲ ಹತ್ತಿರವಾದಂತೆ ಹಾರಾಟ ತಾನಾಗಿಯೇ ನಿಧಾನವಾಗುತ್ತದೆ. ಇಷ್ಟನ್ನೂ ಮಾಡುವ ಮೆದುಳಿನಲ್ಲಿರುವುದು ಸುಮಾರು 10 ಲಕ್ಷ ನರಕೋಶಗಳು ಮಾತ್ರ!

ನಿಮ್ಮ ಕಂಪ್ಯೂಟರ್ ಮೌಸ್‌ನ ಹೊಟ್ಟೆಯಲ್ಲಿ ಬೆಳಕು ಬೀರುವ ಚಿಕ್ಕ ಕಣ್ಣಿದೆಯಲ್ಲ, ಅದು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಚಿತ್ರ ತೆಗೆದು, ಚಿತ್ರ ಎಷ್ಟು ಸರಿಯಿತೆಂದು ಲೆಕ್ಕ ಹಾಕುತ್ತದೆ. ಅಂಥದೇ ಸೆನ್ಸರ್ ಡ್ರೋನ್‌ನ ಕೆಳಗಿದ್ದರೆ, ಜಿಪಿಎಸ್ ಸಿಗದ ದೊಡ್ಡ ತಗಡಿನ ಶೆಡ್‌ನೊಳಗೂ ಅದು ಅತ್ತಿತ್ತ ತೇಲದೆ ನಿಲ್ಲಬಲ್ಲದು.

ಈಗ ಡ್ರೋನ್ ಹೆಣ್ಣುಮಕ್ಕಳ ಕೈಗೂ ಬಂದಿದೆ. 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ 'ನಮೋ ಡ್ರೋನ್ ದೀದಿ' ಯೋಜನೆಗೆ ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಒಪ್ಪಿಗೆ ನೀಡಿತು. ಸಂತೋಷದ ಸಂಗತಿಯೇ. ಆದರೆ ಜೇನಿನಿಂದ ಹಾರಲು ಕಲಿತ ಯಂತ್ರವೇ ಹೂಬಿಟ್ಟ ಹೊಲಕ್ಕೆ ಹಗಲಲ್ಲಿ ಕೀಟನಾಶಕ ಸುರಿದರೆ ಅದು ಗುರುದ್ರೋಹವಲ್ಲವೇ? ಊರಲ್ಲಿ ಹೊಲ-ತೋಟ ಇರುವವರು ಮನೆಯವರಿಗೆ ಇಷ್ಟು ಹೇಳಿ: ಹೂ ಬಿಟ್ಟಾಗ ಸಿಂಪಡಿಸಬೇಡಿ. ಅನಿವಾರ್ಯವಾದರೆ ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ ಸಿಂಪಡಿಸಿ.

ನಮ್ಮ ಬಾಲ್ಕನಿಗೆ ಈ ವರ್ಷ ಮತ್ತೆ ಜೇನು ಬಂದಿದೆ. ಈ ಸಲ ನಾನು ಕರೆಸಿದ್ದು ಗೂಡನ್ನು ಜೀವಂತವಾಗಿ ಬೇರೆಡೆಗೆ ಸಾಗಿಸುವವರನ್ನು. ಅವರು ಬರುವವರೆಗೆ ಬಾಲ್ಕನಿ ಬಾಗಿಲು ಮುಚ್ಚಿಟ್ಟು, ಮಗಳೂ ನಾನೂ ಗಾಜಿನ ಹಿಂದಿನಿಂದಲೇ ಅವು ಇಳಿಯುವುದನ್ನು ನೋಡುತ್ತಿದ್ದೇವೆ.