ಹಳೆಯ ಮೋಟಾರಿನ ಹಿಂದಿನ ಅಚ್ಚು
(ಅಹಮದಾಬಾದಿನಲ್ಲಿ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮೂರ ಕಠವಾಡಾದ ಆಟೊ ವರ್ಲ್ಡ್ ಸಂಗ್ರಹಾಲಯವನ್ನು ತಮ್ಮಲ್ಲಿ ಕೆಲವರು ನೋಡಿರಬಹುದು. ಪ್ರಾಣಲಾಲ್ ಭೋಗಿಲಾಲರು ಕೂಡಿಸಿದ ರೋಲ್ಸ್ ರಾಯ್ಸ್, ಪ್ಯಾಕಾರ್ಡ್, ಬ್ಯೂಕ್ ಗಾಡಿಗಳು ಅಲ್ಲಿವೆ. 2023ರ ಜನವರಿಯಲ್ಲಿ ಬಡೋದೆಯ ಲಕ್ಷ್ಮೀ ವಿಲಾಸ ಅರಮನೆಯಲ್ಲಿಯೂ ಹಳೆಯ ಕಾರುಗಳ ದೊಡ್ಡ ಪ್ರದರ್ಶನ ನಡೆಯಿತು. ಎಲ್ಲರೂ ಬಣ್ಣ ನೋಡುತ್ತಾರೆ, ದೀಪ ನೋಡುತ್ತಾರೆ. ಬಗ್ಗಿ ಹಿಂದಿನ ಅಚ್ಚು ನೋಡುವವರು ಕಡಿಮೆ. ಗ್ಯಾರೇಜಿನ ಕೆಲಸ ಕಲಿಯಬೇಕೆಂದಿರುವ ಹುಡುಗರು ಇಲ್ಲಿದ್ದಾರೆ. ಅವರಿಗಾಗಿ ನಾಲ್ಕು ಮಾತು.

ಮೆರವಣಿಗೆ ಬೀದಿಯ ಮೂಲೆಯಲ್ಲಿ ತಿರುಗುವಾಗ ಹೊರಗಿನ ಸಾಲಿನವನು ಹೆಚ್ಚು ಹೆಜ್ಜೆ ಹಾಕಬೇಕು. ಗಾಡಿಯ ಎರಡು ಹಿಂದಿನ ಚಕ್ರಗಳಿಗೂ ಅದೇ ಮಾತು. ಆ ಹೆಚ್ಚುಕಡಿಮೆಯನ್ನು ಹೊಂದಿಸುವ ಹಲ್ಲುಚಕ್ರಗಳ ಕೂಟವೇ ಡಿಫರೆನ್ಷಿಯಲ್. ಗಿರಣಿಯಲ್ಲಿ ಸ್ಪೀಡ್ ಫ್ರೇಮ್ ನಡೆಸಿದ ಹಿರಿಯರಿಗೆ ಇದು ಹೊಸದಲ್ಲ. ಬಾಬಿನ್ ದಪ್ಪವಾದಂತೆ ಅದರ ವೇಗವನ್ನು ಹೊಂದಿಸುವುದೂ ಡಿಫರೆನ್ಷಿಯಲ್ಲೇ. ಗಿರಣಿಯ ಯಂತ್ರಕ್ಕೆ ಅದು 1820ರ ದಶಕದಲ್ಲಿಯೇ ಬಂದಿತ್ತು. ಪೆಟ್ರೋಲ್ ಮೋಟಾರು ಹುಟ್ಟಿದ್ದು ಎಷ್ಟೋ ಕಾಲದ ಮೇಲೆ.

ಉದಾಹರಣೆಗೆ ಫೋರ್ಡ್ ಮಾಡೆಲ್ ಟಿ ಗಾಡಿಯನ್ನು ತೆಗೆದುಕೊಳ್ಳೋಣ. 1908ರಿಂದ 1927ರವರೆಗೆ ಒಂದೂವರೆ ಕೋಟಿ ಗಾಡಿಗಳು ತಯಾರಾದವು. ಅದರ ಅಚ್ಚಿನಲ್ಲಿ 11 ಹಲ್ಲಿನ ಪಿನಿಯನ್ 40 ಹಲ್ಲಿನ ಕ್ರೌನ್ ಚಕ್ರವನ್ನು ತಿರುಗಿಸುತ್ತದೆ. ಕ್ರೌನ್ ಚಕ್ರ ಪಕ್ಕಕ್ಕೆ ಸರಿಯದಂತೆ ತಡೆಯುವ ವಾಷರುಗಳನ್ನು ಬ್ಯಾಬಿಟ್ ಎಂಬ ಮೆದು ಲೋಹದಲ್ಲಿ ಮಾಡಿದ್ದರು. ಅದು ವಯಸ್ಸಾದಂತೆ ಬಿರಿದು ಪುಡಿಯಾಗುತ್ತದೆ. ಆಗ ಕ್ರೌನ್ ಚಕ್ರ ಪಿನಿಯನ್ನಿನಿಂದ ದೂರ ಸರಿಯುತ್ತದೆ. ಈ ಗಾಡಿಯ ಕಾಲಿನ ಬ್ರೇಕು ಚಕ್ರದಲ್ಲಿಲ್ಲ, ಗೇರು ಪೆಟ್ಟಿಗೆಯಲ್ಲಿದೆ. ಹಲ್ಲು ಬಿಟ್ಟಿತೆಂದರೆ ಎಳೆತವೂ ಹೋಯಿತು, ಕಾಲಿನ ಬ್ರೇಕೂ ಹೋಯಿತು! ಉಳಿಯುವುದು ದುರ್ಬಲವಾದ ಕೈಬ್ರೇಕು ಒಂದೇ. ಇಳಿಜಾರಿನಲ್ಲಿ ಇದಾದರೆ ಗತಿಯೇನು?

ಆದುದರಿಂದ ಅಚ್ಚನ್ನು ಬಿಚ್ಚಲೇಬೇಕು. ಗಾಡಿಯನ್ನು ಭದ್ರವಾದ ಆಸರೆಯ ಮೇಲೆ ನಿಲ್ಲಿಸಿದ ಹೊರತು ಯಾರೂ ಕೆಳಗೆ ಹೋಗತಕ್ಕದ್ದಲ್ಲ. ಬರಿಯ ಜಾಕನ್ನು ನಂಬಬಾರದು. ಬ್ಯಾಬಿಟ್ಟಿನ ಚೂರು ಒಂದೂ ಉಳಿಯದಂತೆ ತೊಳೆಯಬೇಕು. ಹೊಸ ವಾಷರು ಕಂಚಿನದಾಗಿರಬೇಕು. ಸವೆದ ಬೇರಿಂಗು, ಹಲ್ಲು ಮುರಿದ ಚಕ್ರಗಳನ್ನು ಮೊದಲೇ ಬೇರೆಯಿಡಬೇಕು.

ಬಳಿಕ ಎಣ್ಣೆಯಿಲ್ಲದೆ ಒಮ್ಮೆ ಜೋಡಿಸಿ ನೋಡುವುದು. ಪಿನಿಯನ್ನಿಗೂ ಕ್ರೌನಿಗೂ ನಡುವೆ ಇಂಚಿನ ಸಾವಿರದಲ್ಲಿ ಹತ್ತು ಭಾಗದಷ್ಟು, ಅಂದರೆ ಮೂರು ನಾಲ್ಕು ಹಾಳೆ ವೃತ್ತಪತ್ರಿಕೆಯಷ್ಟು ಸಡಿಲ ಬೇಕು. ಬಿಗಿಯಾದರೆ ಕಾಯುತ್ತದೆ, ಕೊರಗುಟ್ಟುತ್ತದೆ. ಸಡಿಲವಾದರೆ ಹಲ್ಲಿಗೆ ಹಲ್ಲು ಬಡಿದು ಮುರಿಯುತ್ತದೆ. ಒಂದೇ ಕಡೆ ಅಳೆದು ಬಿಡಬಾರದು, ಸುತ್ತಲೂ ಅಳೆಯಬೇಕು. ವಾಷರಿನ ದಪ್ಪವನ್ನು ಒಂದು ಕಡೆ ತಗ್ಗಿಸಿ, ಇನ್ನೊಂದು ಕಡೆ ಹೆಚ್ಚಿಸಿ ಸರಿಪಡಿಸಬೇಕು. ಹಲ್ಲಿಗೆ ತೆಳುವಾಗಿ ಬಣ್ಣ ಸವರಿ ತಿರುಗಿಸಿದರೆ ತಾಗಿದ ಗುರುತು ಬೀಳುತ್ತದೆ. ಗುರುತು ಹಲ್ಲಿನ ನಡುವೆ ಬಿದ್ದರೆ ಕೆಲಸ ಸರಿ. ಅಂಚಿಗೆ ಬಿದ್ದರೆ ಮತ್ತೆ ಬಿಚ್ಚಬೇಕು. ಕಡೆಗೆ ಎಣ್ಣೆ ಅಳತೆಯಷ್ಟೇ ಹಾಕಬೇಕು. ಹೆಚ್ಚಾದರೆ ಸೋರಿ ಕೈಬ್ರೇಕಿಗೆ ಬೀಳುತ್ತದೆ. ಸ್ವಲ್ಪ ದೂರ ಓಡಿಸಿ ಬಂದು ಚಕ್ರದ ನಟ್ಟನ್ನು ಮತ್ತೊಮ್ಮೆ ಬಿಗಿಯಬೇಕು.

ಬಂಧುಗಳೇ, ಈ ಕೆಲಸ ಮುಗಿದ ಮೇಲೆ ಹೊರಗೆ ಏನೂ ಕಾಣುವುದಿಲ್ಲ. "ಬಣ್ಣ ಹೊಡೆದು ಕೊಡು, ಅಚ್ಚು ಹಾಗೇ ಇರಲಿ" ಎನ್ನುವ ಯಜಮಾನರು ಸಿಕ್ಕಿಯಾರು. ಆಗ ಹುಡುಗರು ಬಾಯಿಬಿಟ್ಟು ಹೇಳಬೇಕು: ಬಿಚ್ಚಿ ನೋಡದ ಅಚ್ಚಿನ ಗಾಡಿಯನ್ನು ರಸ್ತೆಗೆ ಬಿಡುವುದಿಲ್ಲ, ಬಿಚ್ಚಿದ ಕೆಲಸಕ್ಕೆ ಕೂಲಿ ಬೇಕು ಎಂದು. ಹಾಗೆ ಹೇಳುವ ಧೈರ್ಯ ಕೆಲಸ ಬಲ್ಲವನಿಗೆ ಮಾತ್ರ ಬರುತ್ತದೆ. ಗಿರಣಿಯ ಹಿರಿಯರು ಭಾನುವಾರ ಒಂದು ಗಂಟೆ ಸಂಘಕ್ಕೆ ಬಂದು, ಹಲ್ಲುಚಕ್ರದ ಲೆಕ್ಕವನ್ನು ಈ ಹುಡುಗರಿಗೆ ಹೇಳಿಕೊಡಬೇಕೆಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.